ಇಪ್ಪತ್ತಮೂರನೆಯ ಅರ್ಜಿ

ನವೆಂಬರ್ 16, 2014, ಭಾನುವಾರ, ಬೆಳಿಗ್ಗೆ 7 ಗಂಟೆ 40 ನಿಮಿಷ. ಸಿಯಾಟಲ್ ಪಕ್ಕದ ಟಕ್ವಿಲಾದ ನನ್ನ ಅಪಾರ್ಟ್‌ಮೆಂಟಿನಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಫೋನ್ ಬಂತು. ನಾನು ಕೆಲಸ ಮಾಡುವ ಕಾಲೇಜಿನ ಕ್ರೀಡಾ ನಿರ್ದೇಶಕಿ ಮಾತಾಡಿದರು.

"ಫುಟ್ಬಾಲ್ ಕೋಚ್ ನಿನ್ನೆ ಸಂಜೆ ರಾಜೀನಾಮೆ ಕೊಟ್ರು. ಒಂಬತ್ತಕ್ಕೆ ಆಫೀಸಿಗೆ ಬರೋಕಾಗುತ್ತಾ? ನಿಮ್ಮ ನೋಟ್‌ಬುಕ್ ತನ್ನಿ."

ಒಲೆ ಆರಿಸಿ ಹೊರಟೆ. ನಾನು ಆ ಕಾಲೇಜಿನ ಅಂಕಿಅಂಶ ಕಚೇರಿಯವಳು, ಕ್ರೀಡಾ ವಿಭಾಗದವಳಲ್ಲ. ಆದರೆ ಮೈಸೂರಿನಲ್ಲಿ ನಮ್ಮ ಮಾವನ ಕ್ರಿಕೆಟ್ ಕ್ಲಬ್ಬಿಗೆ ಆರು ವರ್ಷ ಸ್ಕೋರು ಬರೆದಿದ್ದೆ. ಯಾವ ಸಭೆಗೆ ಹೋದರೂ ದಿನಾಂಕ, ಗಂಟೆ, ಯಾರು ಏನು ಹೇಳಿದರು ಎಂದು ಬರೆದಿಡುವ ಅಭ್ಯಾಸ ಅಲ್ಲಿಂದ ಬಂದದ್ದು. ನಿರ್ದೇಶಕಿಗೆ ಅದು ಗೊತ್ತಿತ್ತು. ಹೊಸ ಮುಖ್ಯ ಕೋಚನ್ನು ಆರಿಸುವ ಸಮಿತಿಯಲ್ಲಿ ನಡಾವಳಿ ಬರೆಯುವವಳು ನಾನಾದೆ. ಮತ ಹಾಕುವ ಹಕ್ಕಿರಲಿಲ್ಲ, ಲೆಕ್ಕ ಇಡುವ ಕೆಲಸವಿತ್ತು. ಅಲ್ಲಿ ಎಲ್ಲರೂ ಆಡಿದ್ದು ಇಂಗ್ಲಿಷ್. ನನಗೆ ಕೇಳಿಸಿದ ಧಾಟಿಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ಫುಟ್ಬಾಲ್ ಎಂದರೆ ಕಾಲಲ್ಲಿ ಒದೆಯುವ ಆಟವಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನನ್ನು ಹತ್ತು ಜನ ಬಿದ್ದು ಕೆಡವುವ ಆಟ. ನಮ್ಮದು ಸಿಯಾಟಲ್‌ನ ದಕ್ಷಿಣಕ್ಕಿರುವ ಚಿಕ್ಕ ಕಾಲೇಜು, ಟಿವಿಯಲ್ಲಿ ಬರುವಂಥ ತಂಡವಲ್ಲ. ಆ ವರ್ಷ ಹತ್ತು ಪಂದ್ಯಗಳಲ್ಲಿ ಒಂದು ಗೆದ್ದಿದ್ದೆವು. ಮೂರು ವರ್ಷ ಒಟ್ಟು ಮಾಡಿದರೆ ಮೂವತ್ತರಲ್ಲಿ ಮೂರು.

ಒಂಬತ್ತು ಗಂಟೆಗೆ ನಿರ್ದೇಶಕಿ ಹೇಳಿದ್ದು ಚಿಕ್ಕದಾಗಿತ್ತು. ಡಿಸೆಂಬರ್ 19ರೊಳಗೆ ಹೊಸ ಕೋಚ್ ಹೆಸರು ಕೊಡದಿದ್ದರೆ, ಅಥವಾ ಅಷ್ಟರಲ್ಲಿ ತಂಡದಲ್ಲಿ ನಲವತ್ತೈದು ಆಟಗಾರರೂ ಉಳಿಯದಿದ್ದರೆ, ಆಡಳಿತ ಮಂಡಳಿ ಮುಂದಿನ ವರ್ಷಕ್ಕೆ ಪಂದ್ಯಗಳನ್ನೇ ನಿಗದಿ ಮಾಡುವುದಿಲ್ಲ. ತಂಡ ಮುಚ್ಚಿದ ಹಾಗೆ. ಕೊನೆಯ ವರ್ಷದವರನ್ನು ಬಿಟ್ಟರೆ ಮುಂದಿನ ಸಲಕ್ಕೆ ಉಳಿಯಬೇಕಾದವರು ಅಂದಿಗೆ ಅರವತ್ತಮೂರು. ನೋಟ್‌ಬುಕ್ಕಿನ ಮೊದಲ ಪುಟದ ಮೇಲೆ 63 ಎಂದು ಬರೆದು ಸುತ್ತು ಹಾಕಿದೆ.

ನವೆಂಬರ್ 18ರಂದು ಸಮಿತಿಯ ಮೊದಲ ಸಭೆ. ನಾಲ್ಕು ಮತಗಳು: ನಿರ್ದೇಶಕಿ, ರಸಾಯನಶಾಸ್ತ್ರದ ಒಬ್ಬ ಪ್ರೊಫೆಸರ್, ಮೂವತ್ತು ವರ್ಷದ ಹಿಂದೆ ಇದೇ ತಂಡದಲ್ಲಿ ಆಡಿ ಈಗ ಉಗ್ರಾಣಗಳ ವ್ಯವಹಾರ ನೋಡಿಕೊಳ್ಳುವ ಹಳೆಯ ವಿದ್ಯಾರ್ಥಿ, ಮತ್ತು ತಂಡದ ನಾಯಕ. ನಾಯಕ ಮೂರನೆಯ ವರ್ಷದ ಹುಡುಗ, ಬಾಗಿಲಷ್ಟು ಅಗಲ, ಧ್ವನಿ ಮಾತ್ರ ಮೆತ್ತಗೆ.

"ನಾನು ಸೇರಿದಾಗ ನನ್ನ ಜೊತೆ ಮೂವತ್ತು ಜನ ಸೇರಿದ್ರು. ಈಗ ಏಳು ಜನ ಇದೀವಿ. ಎದುರಿನ ತಂಡದಲ್ಲಿ ಇಪ್ಪತ್ತೆರಡು ವರ್ಷದ ಗಂಡಸರು, ನಮ್ಮಲ್ಲಿ ಹದಿನೆಂಟರ ಹುಡುಗರು" ಎಂದ.

"ಗೆದ್ರೆ ಎಲ್ರೂ ಉಳೀತಾರೆ. ಗೆದ್ದು ಅಭ್ಯಾಸ ಇರೋನನ್ನ ತನ್ನಿ" ಎಂದರು ಹಳೆಯ ವಿದ್ಯಾರ್ಥಿ.

"ಉಳಿಯೋರೇ ಇಲ್ದೆ ಗೆಲ್ಲೋದು ಯಾರು ಸಾರ್?"

ಹಳೆಯ ವಿದ್ಯಾರ್ಥಿ ನಕ್ಕರು, ಒಪ್ಪಲಿಲ್ಲ. ಆದರೆ ನಿರ್ದೇಶಕಿ ಅಂದೇ ನಿರ್ಧರಿಸಿದರು: ನೂರು ಅಂಕಗಳಲ್ಲಿ ನಲವತ್ತು 'ಉಳಿಕೆ'ಗೆ. ಅಂದರೆ ಆ ಕೋಚ್ ಹಿಂದೆ ನಡೆಸಿದ ತಂಡದಲ್ಲಿ ಮೊದಲ ವರ್ಷ ಸೇರಿದವರ ಪೈಕಿ ನಾಲ್ಕನೆಯ ವರ್ಷದವರೆಗೆ ಎಷ್ಟು ಜನ ಇದ್ದರು. ಗೆಲುವಿಗೆ ಇಪ್ಪತ್ತೈದು. ಉಳಿದ ಅಂಕ ಈ ಭಾಗದ ಹೈಸ್ಕೂಲುಗಳ ಪರಿಚಯ, ಹುಡುಗರ ಓದು ಇತ್ಯಾದಿಗೆ. ಉಳಿಕೆ ಲೆಕ್ಕ ನನ್ನ ಪಾಲಿಗೆ ಬಂತು. ನನಗೆ ಖುಷಿಯೇ ಆಯಿತು. ಎಣಿಸಬಹುದಾದ ಪ್ರಶ್ನೆ ಅದು.

ಅರ್ಜಿಗಳ ಕೊನೆಯ ದಿನ ನವೆಂಬರ್ 28. ಅದರ ಹಿಂದಿನ ದಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಡುವಾಲ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಬಂದ ಅರ್ಜಿಗಳಿಗೆ ನಂಬರು ಹಾಕುತ್ತಿದ್ದೆ.

"ಏನೇ ಇದು, ಫೋಟೋ, ವಯಸ್ಸು, ಊರು, ಎಲ್ಲೆಲ್ಲಿ ಕೆಲಸ ಮಾಡಿದಾರೆ… ಮದುವೆ ಬ್ಯೂರೋ ಶುರು ಮಾಡಿದೀಯಾ?" ಎಂದಳು ಅಕ್ಕ, ಭುಜದ ಮೇಲಿಂದ ಬಗ್ಗಿ ನೋಡುತ್ತಾ.

"ಕೋಚ್ ಕಣಕ್ಕ. ಫುಟ್ಬಾಲ್ ಕೋಚ್."

"ಇವ್ನು ಪರವಾಗಿಲ್ಲ. ಶರಟು ಇಸ್ತ್ರಿ ಮಾಡಿದೆ."

ಅವಳು ತೋರಿಸಿದ್ದು ಆರನೆಯ ಅರ್ಜಿ. ಮರುದಿನ ಸಂಜೆ ಐದಕ್ಕೆ ಒಟ್ಟು ನಲವತ್ತೆಂಟು ಅರ್ಜಿಗಳಾದವು. ಅವರಲ್ಲಿ ಎಲ್ಲಾದರೂ ನಾಲ್ಕು ವರ್ಷ ಮುಖ್ಯ ಕೋಚ್ ಆಗಿದ್ದವರು, ಅಂದರೆ ಉಳಿಕೆ ಎಣಿಸಲು ಬರುವಂಥವರು, ಹತ್ತೊಂಬತ್ತು.

ಎಣಿಸುವ ವಿಧಾನ ಹೀಗಿತ್ತು. ಪ್ರತಿ ಕಾಲೇಜೂ ಪ್ರತಿ ವರ್ಷದ ಆಟಗಾರರ ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ: ಹೆಸರು, ಜರ್ಸಿ ನಂಬರು, ಎತ್ತರ, ತೂಕ, ಎಷ್ಟನೆಯ ವರ್ಷ, ಯಾವ ಊರು. ನಾಲ್ಕು ವರ್ಷದ ಪಟ್ಟಿ ಪಕ್ಕಪಕ್ಕ ಇಟ್ಟು, ಮೊದಲ ಪಟ್ಟಿಯ ಹೊಸಬರನ್ನು ನಾಲ್ಕನೆಯ ಪಟ್ಟಿಯಲ್ಲಿ ಹುಡುಕಬೇಕು.

ನವೆಂಬರ್ 29, ಶನಿವಾರ ಮಧ್ಯಾಹ್ನ. ನನ್ನ ರೂಮ್‌ಮೇಟ್ ಬೆಂಗಳೂರಿನವಳು, ಸಿಯಾಟಲ್ ಪೇಟೆಯ ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡವೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ಪ್ರಿಂಟು ತೆಗೆದ ಹಾಳೆಗಳನ್ನು ನೆಲದ ಮೇಲೆ ಹರಡಿದ್ದು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಲೇ, ಹತ್ತೊಂಬತ್ತು ಕಾಲೇಜು, ನಾಲ್ಕ್ ನಾಲ್ಕು ವರ್ಷ, ಒಂದೊಂದ್ರಲ್ಲೂ ಎಪ್ಪತ್ತು ಹೆಸರು. ಇದನ್ನ ಕೈಯಲ್ಲಿ ಎಣಿಸ್ತೀಯಾ? ಹುಚ್ಚಾ ನಿಂಗೆ? ಕಾಫಿ ಮಾಡು, ಒಂದು ಸ್ಕ್ರಿಪ್ಟ್ ಬರೆದು ಕೊಡ್ತೀನಿ."

ಕಾಫಿ ಮಾಡಿದೆ.

"ಯಾವುದನ್ನ ಹಿಡಿದು ಮ್ಯಾಚ್ ಮಾಡ್ಲಿ? ಹೆಸರಾ?" ಎಂದು ಕೇಳಿದಳು.

ಹೆಸರುಗಳು ಕಾಟ ಕೊಡುತ್ತಿದ್ದವು. ಒಂದು ವರ್ಷ ರಾಬರ್ಟ್ ಎಂದಿದ್ದವನು ಮರುವರ್ಷ ಬಾಬಿ. ಇನ್ನೊಬ್ಬನಿಗೆ ಒಂದು ವರ್ಷ ಬರೀ ಇನಿಷಿಯಲ್ಲು. ನಮ್ಮಿಬ್ಬರಿಗೂ ಹೆಸರಿನ ಮೇಲೆ ಮೊದಲೇ ನಂಬಿಕೆ ಕಡಿಮೆ. ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಮನೆತನದ ಹೆಸರಾಗಿ ಕೂತಿದೆ, ಬ್ಯಾಂಕಿನಲ್ಲಿ ಅದೇ ಮೊದಲ ಹೆಸರು.

"ಹೆಸರು ಮಾತ್ರ ಬೇಡ ಕಣೇ. ನಮ್ಮ ಆಫೀಸಲ್ಲಿ ಎರಡು ವರ್ಷ ನನ್ನನ್ನ ನಮ್ಮೂರಿನ ಹೆಸರಿಂದಾನೇ ಕರೆದ್ರು" ಎಂದಳು ಅವಳು.

"ಹಾಗಾದ್ರೆ ಜರ್ಸಿ ನಂಬರ್ ಇಡು. ನಂಬರ್ ಪ್ಲಸ್ ಊರು" ಎಂದೆ.

"ನಂಬರ್ ಬದಲಾಗಲ್ವಾ?"

"ಯಾಕೆ ಬದಲಾಗುತ್ತೆ? ಕ್ರಿಕೆಟ್‌ನಲ್ಲಿ ದೊಡ್ಡ ಆಟಗಾರ ರಿಟೈರ್ ಆದ್ಮೇಲೂ ಅವನ ನಂಬರ್ ಇನ್ನೊಬ್ಬ ಮುಟ್ಟಲ್ಲ."

ನಾನು ಹೀಗೆ ಹೇಳಿದಾಗ 3 ಗಂಟೆ 25 ನಿಮಿಷ. ಬರೆದಿಟ್ಟಿದ್ದೇನೆ.

ಐದಕ್ಕೆ ಮೊದಲು ಫಲಿತಾಂಶ ಬಂತು. ಒಂದು ಕಾಲೇಜಿನ ಪಟ್ಟಿ ತೆಗೆದು ಮೂರು ಹುಡುಗರನ್ನು ಕಣ್ಣಲ್ಲೇ ಪರೀಕ್ಷಿಸಿದೆ. ಮೂವರೂ ಸರಿ ಇದ್ದರು. ಎರಡನೆಯ ಸಲ ನೋಡಿದೆ, ಆಗಲೂ ಸರಿ. ಪರೀಕ್ಷೆಗೆ ನಾನು ಆರಿಸಿದ್ದು ಆರನೆಯ ಅರ್ಜಿಯವರ ಕಾಲೇಜು, ಏಕೆಂದರೆ ಅದು ಪಟ್ಟಿಯ ತುದಿಯಲ್ಲಿತ್ತು: ಉಳಿಕೆ ಶೇಕಡ 58. ಕೊನೆಯ ಸ್ಥಾನದಲ್ಲಿದ್ದದ್ದು ಇಪ್ಪತ್ತಮೂರನೆಯ ಅರ್ಜಿ: ಶೇಕಡ 11. ಮೂವತ್ತೈದು ಜನ ಸೇರಿದ್ದರು, ನಾಲ್ವರು ಉಳಿದಿದ್ದರು.

ಡಿಸೆಂಬರ್ 3ರ ಸಭೆಯಲ್ಲಿ ನಿರ್ದೇಶಕಿ ಇಪ್ಪತ್ತಮೂರನೆಯ ಅರ್ಜಿಯನ್ನು ಮತ್ತೆ ಕೈಗೆತ್ತಿಕೊಂಡರು. ಬೆಟ್ಟಸಾಲಿನ ಆಚೆ, ಗೋಧಿ ಹೊಲಗಳ ನಡುವಿನ ಸಣ್ಣ ಕಾಲೇಜಿನ ಕೋಚ್ ಅವರು. ಗೆಲುವು ಸೋಲು ಸರಿಸಮ. ಆದರೆ ಅವರ ಪರವಾಗಿ ಬಂದ ಪತ್ರಗಳಲ್ಲಿ ಒಂದು ಅಲ್ಲಿಯ ಗ್ರಂಥಪಾಲಕಿಯದು. ಕೋಚ್‌ಗಾಗಿ ಗ್ರಂಥಪಾಲಕಿ ಪತ್ರ ಬರೆದದ್ದು ನಲವತ್ತೆಂಟರಲ್ಲಿ ಅದೊಂದೇ.

"ಇಂಥಾ ಪತ್ರ ಇರೋರಿಗೆ ಹನ್ನೊಂದು ಪರ್ಸೆಂಟಾ?" ಎಂದರು.

"ಲೆಕ್ಕ ಎರಡು ಸಲ ನೋಡಿದೀನಿ" ಎಂದೆ. ನನ್ನ ಧ್ವನಿಯಲ್ಲಿ ಅನುಮಾನವೇ ಇರಲಿಲ್ಲ.

"ಹನ್ನೊಂದು ಅಂದ್ರೆ ಹುಡುಗರು ಓಡಿಹೋಗಿದಾರೆ ಅಂತ. ಬಿಡಿ" ಎಂದರು ಪ್ರೊಫೆಸರ್. ನಿರ್ದೇಶಕಿ ಹಾಳೆಯನ್ನು ಬದಿಗಿಟ್ಟರು.

ನಾಲ್ವರನ್ನು ಉಳಿಸಿಕೊಂಡೆವು. ಉಳಿದ ನಲವತ್ತನಾಲ್ಕು ಜನರಿಗೆ ಡಿಸೆಂಬರ್ 4, ಬೆಳಿಗ್ಗೆ 11.10ಕ್ಕೆ ವಿಷಾದದ ಪತ್ರ ಕಳಿಸಿದವಳು ನಾನು.

ಅಷ್ಟರಲ್ಲಿ ಸುತ್ತು ಹಾಕಿದ ಸಂಖ್ಯೆ ಇಳಿಯುತ್ತಿತ್ತು. ಕೋಚ್ ಇಲ್ಲದ ತಂಡದ ಹುಡುಗರಿಗೆ ಬೇರೆ ಕಾಲೇಜುಗಳಿಂದ ಕರೆ ಬರುತ್ತವೆ. ಕೆಲವರು ಕರೆ ಇಲ್ಲದೆಯೂ ಹೊರಡುತ್ತಾರೆ. ತಂಡ ಬಿಡಲು ಬೇಕಾದ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ ಹೊರಟವರ ಲೆಕ್ಕವನ್ನು ನಾಯಕ ಒಂದೆರಡು ದಿನಕ್ಕೊಮ್ಮೆ ನನ್ನ ಕಚೇರಿಗೆ ತಂದು ಹೇಳುತ್ತಿದ್ದ. ಡಿಸೆಂಬರ್ 3ಕ್ಕೆ ಉಳಿದವರು 60. ಎಂಟಕ್ಕೆ 55. ಹತ್ತಕ್ಕೆ 52. "ಬೇಗ ಆರಿಸಿ. ಇಲ್ದಿದ್ರೆ ನೀವು ಕೋಚ್ ತರೋ ಹೊತ್ತಿಗೆ ನಾನು, ಚೆಂಡು, ಇಬ್ಬರೇ ಇರ್ತೀವಿ" ಎಂದ ಒಂದು ದಿನ.

ಆರನೆಯ ಅರ್ಜಿಯವರು ಡಿಸೆಂಬರ್ 10ರಂದು ಬಂದರು. ಒಳ್ಳೆಯವರೇ. ಬಿಳಿ ಹಲಗೆಯ ಮೇಲೆ ಮೊದಲ ನೂರು ದಿನಗಳ ಕಾರ್ಯಕ್ರಮ ಬರೆದು ತೋರಿಸಿದರು. ಹಳೆಯ ವಿದ್ಯಾರ್ಥಿ ಎದ್ದುನಿಂತು ಕೈಕುಲುಕಿದರು. ಮರುದಿನ ಬಂದ ಉಳಿದ ಮೂವರು ಅಷ್ಟು ಹಿಡಿಸಲಿಲ್ಲ. ಗುರುವಾರ ಸಂಜೆಯ ಹೊತ್ತಿಗೆ ನಿರ್ಧಾರವಾಯಿತು: ಶುಕ್ರವಾರ ಸಂಜೆ ನಾಲ್ಕಕ್ಕೆ ನಿರ್ದೇಶಕಿ ಆರನೆಯ ಅರ್ಜಿಯವರಿಗೆ ಫೋನ್ ಮಾಡಿ ಕೆಲಸ ಕೊಡುವುದು.

ಡಿಸೆಂಬರ್ 12, ಶುಕ್ರವಾರ, ಬೆಳಿಗ್ಗೆ 8.50. ಬಿಟ್ಟುಹೋದವರು ಹಿಂತಿರುಗಿಸಿದ ಜರ್ಸಿಗಳ ಪಟ್ಟಿ ಬೇಕಾಗಿ ಸಲಕರಣೆ ಕೋಣೆಗೆ ಹೋದೆ. ಆ ಕೋಣೆಯನ್ನು ನೋಡಿಕೊಳ್ಳುವ ಹಿರಿಯ, ಒಗೆಯುವ ಯಂತ್ರಗಳ ಗದ್ದಲದ ಮಧ್ಯೆ ಒಂದೊಂದೇ ಜರ್ಸಿ ಎತ್ತಿ ನಂಬರು ಕೂಗುತ್ತಿದ್ದ. ನಾನು ಬರೆಯುತ್ತಿದ್ದೆ.

"ಐವತ್ತನಾಲ್ಕು."

"ಅದು ಆಗ್ಲೇ ಬರೆದೆ."

"ಅದು ಬೇರೆ ಐವತ್ತನಾಲ್ಕು."

"ಒಂದೇ ನಂಬರ್ ಇಬ್ಬರಿಗಾ?"

ಅವನು ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದ. "ಒಬ್ಬ ಮುನ್ನುಗ್ಗೋ ಕಡೆ ಆಡ್ತಾನೆ, ಇನ್ನೊಬ್ಬ ತಡೆಯೋ ಕಡೆ. ಇಬ್ಬರೂ ಒಟ್ಟಿಗೆ ಮೈದಾನಕ್ಕೆ ಇಳಿಯಲ್ಲ. ಎಷ್ಟು ವರ್ಷದಿಂದ ಇದೀಯಮ್ಮ ಇಲ್ಲಿ?"

"ಎರಡು."

"ಹೊಸ ಹುಡುಗರಿಗೆ ಮಿಕ್ಕಿದ್ದು ಕೊಡ್ತೀನಿ. ದೊಡ್ಡವರು ಬಿಟ್ಟುಹೋದ್ಮೇಲೆ ಬೇಕಾದ್ದು ಆರಿಸ್ಕೋತಾರೆ. ಪ್ರತಿ ವರ್ಷ ಅರ್ಧ ತಂಡದ ನಂಬರ್ ಬದಲಾಗುತ್ತೆ. ಹೊಲಿಗೆ ಹಾಕಿ ಹಾಕಿ ನನ್ನ ಕಣ್ಣು ಹೋಯ್ತು."

ಪೆನ್ನಿನ ಮುಚ್ಚಳ ಹಾಕಿದ್ದು ನೆನಪಿದೆ. ಕಚೇರಿಗೆ ಹೋಗಿ ನಮ್ಮದೇ ಕಾಲೇಜಿನ ಹಳೆಯ ಪಟ್ಟಿಗಳನ್ನು ತೆರೆದೆ. ನಮ್ಮ ನಾಯಕ ಮೊದಲ ವರ್ಷ 79, ಎರಡನೆಯ ವರ್ಷ 62, ಈಗ 55. ನನ್ನ ವಿಧಾನದ ಪ್ರಕಾರ ಅವನು ಈ ಕಾಲೇಜನ್ನು ಎರಡು ಸಲ ಬಿಟ್ಟುಹೋಗಿದ್ದ.

ಸಮಯ 9.15. ಸ್ಕ್ರಿಪ್ಟ್ ಮುಚ್ಚಿದೆ. ಮನೆತನದ ಹೆಸರು, ಊರು, ಎತ್ತರ ಮೂರನ್ನೂ ಹಿಡಿದು, ಹಾಳೆಯ ಮೇಲೆ, ಪೆನ್ಸಿಲಿನಲ್ಲಿ ಎಣಿಸಲು ಕೂತೆ. ಮೊದಲು ಇಪ್ಪತ್ತಮೂರು, ಆಮೇಲೆ ಆರು, ಆಮೇಲೆ ಮಧ್ಯದ ಕೆಲವು. ಹನ್ನೆರಡೂವರೆಗೆ ಏಳು ಕಾಲೇಜು ಮುಗಿದವು. ಐದರಲ್ಲಿ ನನ್ನ ಹಳೆಯ ಸಂಖ್ಯೆ ತಪ್ಪು. ಆರನೆಯ ಅರ್ಜಿಯವರದು 58 ಇದ್ದದ್ದು 61 ಆಯಿತು: ಅವರ ಕಾಲೇಜಿನಲ್ಲಿ ಮೊದಲ ದಿನ ಕೊಟ್ಟ ನಂಬರು ಕೊನೆಯವರೆಗೂ ಬಹುಪಾಲು ಅದೇ. ನನ್ನ ಪರೀಕ್ಷೆ ಪಾಸಾದದ್ದು ಅದಕ್ಕೇ. ಇಪ್ಪತ್ತಮೂರನೆಯ ಅರ್ಜಿಯವರಲ್ಲಿ ಮೂವತ್ತೈದು ಜನ ಸೇರಿದ್ದರು, ಇಪ್ಪತ್ತೇಳು ಜನ ಉಳಿದಿದ್ದರು. ಶೇಕಡ 77. ಹತ್ತಿರಕ್ಕೆ ಬರುವವರು ಯಾರೂ ಇರಲಿಲ್ಲ.

ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಅವಳು ಊಟದ ಬಿಡುವಿನಲ್ಲಿದ್ದಳು.

"ಅಯ್ಯೋ ದೇವ್ರೇ. ಸ್ಕ್ರಿಪ್ಟ್ ಬರೆದಿದ್ದು ನಾನು."

"ನಂಬರ್ ಇಡು ಅಂದಿದ್ದು ನಾನು."

"ಈಗ ಹೇಳ್ತೀಯಾ ಅವ್ರಿಗೆ? ನಿನ್ನ ವೀಸಾ ಪೇಪರ್ಸ್ ಏಪ್ರಿಲ್‌ನಲ್ಲಿ ಕಾಲೇಜಿನವ್ರೇ ಫೈಲ್ ಮಾಡ್ಬೇಕು. ನೆನಪಿದೆ ತಾನೆ?"

"ಇದೆ."

"ಹೇಳದೆ ಇದ್ರೆ?"

"ಆರನೇ ಅರ್ಜಿಯವ್ರು ಬರ್ತಾರೆ. ಅವ್ರೇನೂ ಕೆಟ್ಟವರಲ್ಲ. ಯಾರಿಗೂ ಗೊತ್ತಾಗಲ್ಲ."

"ಮತ್ತೆ ನಂಗ್ಯಾಕೆ ಫೋನ್ ಮಾಡಿದೆ?"

"ಇಪ್ಪತ್ತಮೂರರ ಪಟ್ಟಿ ಕಳಿಸ್ತೀನಿ. ನನ್ನ ಉತ್ತರ ಹೇಳಲ್ಲ. ನೀನೇ ಎಣಿಸು, ಕೈಯಲ್ಲಿ. ಈ ಸಲ ಇನ್ನೊಂದು ಜೊತೆ ಕಣ್ಣು ಬೇಕು."

ನಲವತ್ತು ನಿಮಿಷದ ಮೇಲೆ ಅವಳ ಮೆಸೇಜ್ ಬಂತು: 27. ಕೆಳಗೆ ಇನ್ನೊಂದು ಸಾಲು: "ಹೋಗಿ ಹೇಳು. ಸಂಜೆ ಬಿಸಿಬೇಳೆಬಾತ್ ನಾನ್ ಮಾಡ್ತೀನಿ."

1.30ಕ್ಕೆ ನಿರ್ದೇಶಕಿಯ ಬಾಗಿಲು ತಟ್ಟಿದೆ. ಮೇಜಿನ ಮೇಲಿನ ಚೀಟಿಯಲ್ಲಿ ಆರನೆಯ ಅರ್ಜಿಯವರ ಫೋನ್ ನಂಬರು ಬರೆದಿಟ್ಟುಕೊಂಡಿದ್ದರು. ನಾನು ನಿಂತುಕೊಂಡೇ ಹೇಳಿದೆ: ವಿಧಾನ ತಪ್ಪಿತ್ತು, ತಪ್ಪು ನನ್ನದು, ಸರಿಯಾದ ಸಂಖ್ಯೆ ಇದು, ಇದನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಿದ್ದೇವೆ, ಉಳಿದ ಹನ್ನೆರಡು ಕಾಲೇಜುಗಳ ಲೆಕ್ಕ ನಾಳೆ ಮಧ್ಯಾಹ್ನದೊಳಗೆ ಕೊಡುತ್ತೇನೆ.

ಅವರು ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಅವರಿಗೆ ಬೇಡ ಅಂತ ಪತ್ರ ಹೋಗಿದೆಯಾ?"

"ನಾನೇ ಕಳಿಸಿದೆ. ನಾಲ್ಕನೇ ತಾರೀಖು, ಹನ್ನೊಂದು ಹತ್ತಕ್ಕೆ."

"ನಿಮಿಷ ಕೂಡ ಬರ್ಕೊಂಡಿದೀರಿ." ಅವರು ನಗಲಿಲ್ಲ. ಚೀಟಿಯನ್ನು ಮಡಚಿ ಡ್ರಾಯರಿನಲ್ಲಿ ಹಾಕಿದರು. ಫೋನನ್ನು ನನ್ನ ಕಡೆ ತಿರುಗಿಸಿದರು. "ಹಾಗಾದ್ರೆ ನೀವೇ ಮಾತಾಡಿ. ನಾನು ಇಲ್ಲೇ ಇರ್ತೀನಿ."

ಮೂರನೆಯ ರಿಂಗಿಗೆ ಇಪ್ಪತ್ತಮೂರನೆಯ ಅರ್ಜಿಯವರು ಎತ್ತಿದರು. ನಾನು ಯಾರು, ಯಾಕೆ ಫೋನ್ ಮಾಡಿದ್ದೇನೆ ಎಂದು ಹೇಳಿದೆ.

"ನಿಮ್ಮ ಪತ್ರ ಬಂತು. ಚೆನ್ನಾಗಿತ್ತು. ನನ್ನ ಹೆಸರನ್ನೂ ಸರಿಯಾಗಿ ಬರೆದಿದ್ರಿ, ಅಷ್ಟು ಮಾಡೋರೂ ಕಮ್ಮಿ" ಎಂದರು ಆ ಕಡೆಯಿಂದ. "ನನಗೆ ಎಷ್ಟು ಅಂಕ ಬಂದಿತ್ತು?"

"ಉಳಿಕೆಯಲ್ಲಿ ಹನ್ನೊಂದು ಪರ್ಸೆಂಟ್ ಅಂತ ಲೆಕ್ಕ ಹಾಕಿದ್ದೆ. ಜರ್ಸಿ ನಂಬರ್ ಹಿಡಿದು ಎಣಿಸಿದ್ದೆ."

ಅವರು ನಕ್ಕರು, ಕೆಮ್ಮು ಬರುವವರೆಗೆ. "ಜರ್ಸಿ ನಂಬರಾ! ನಮ್ಮಲ್ಲಿ ಯಾರಿಗೂ ಸ್ವಂತ ನಂಬರ್ ಅಂತಾನೇ ಇಲ್ಲ. ಪ್ರತಿ ಆಗಸ್ಟ್ ಎಲ್ಲಾ ಜರ್ಸಿನೂ ಬೆಂಚಿನ ಮೇಲೆ ವಾಪಸ್ ಬರುತ್ತೆ. ನಾಲ್ಕನೇ ವರ್ಷದವರು ಒಬ್ಬೊಬ್ಬ ಹುಡುಗನನ್ನ ಕರೆದು, ಅವನ ಬಗ್ಗೆ ಒಂದು ನಿಜವಾದ ಮಾತು ಹೇಳಿ, ಒಂದು ಜರ್ಸಿ ಕೊಡ್ತಾರೆ. ಹೇಳೋಕೆ ಮಾತು ಸಿಗ್ಲಿಲ್ಲ ಅಂದ್ರೆ ಆ ಹುಡುಗ ಯಾರು ಅಂತ ಅವರಿಗೆ ಗೊತ್ತಿಲ್ಲ ಅಂತರ್ಥ. ಆಗ ತಪ್ಪು ಹುಡುಗನದ್ದಲ್ಲ, ಅವರದ್ದು. ತಿಳ್ಕೊಂಡು ಬಂದು ಆಮೇಲೆ ಕೊಡಬೇಕು."

ನಿರ್ದೇಶಕಿ ಪೆನ್ನೆತ್ತಿ ಏನೋ ಬರೆದು ನನಗೆ ತೋರಿಸಿದರು: "ಹುಡುಗರು ಉಳಿಯೋದು ಇದಕ್ಕೇ."

ಆಮೇಲೆ ಅವರು ಫೋನ್ ತೆಗೆದುಕೊಂಡರು. ಕೋಚ್ ಬರಲು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಸಮಿತಿಗಿಂತ ಮೊದಲು ಹುಡುಗರನ್ನು ನೋಡಬೇಕು. ಬಿಡಬೇಕೆಂದಿರುವವರೂ ಬರಬೇಕು.

ಆ ಸಂಜೆ ನಾಯಕ ಲೆಕ್ಕ ತಂದ: 49. ಅವರಲ್ಲಿ ಒಂಬತ್ತು ಜನ ಬಿಡುಗಡೆ ಪತ್ರ ತೆಗೆದುಕೊಂಡು ಜೇಬಿನಲ್ಲಿಟ್ಟಿದ್ದರು, ಸಹಿ ಹಾಕಿಸುವುದಷ್ಟೇ ಬಾಕಿ. ಒಂಬತ್ತೂ ಹೋದರೆ ನಲವತ್ತು. ಕೋಚ್ ಯಾರೇ ಆಗಲಿ, ತಂಡ ಇರುವುದಿಲ್ಲ.

ಶನಿವಾರ ಉಳಿದ ಹನ್ನೆರಡು ಕಾಲೇಜುಗಳನ್ನು ಮುಗಿಸಿದೆ. ಸ್ಥಾನಗಳು ಅಲ್ಲಲ್ಲಿ ಬದಲಾದವು, ತುದಿ ಬದಲಾಗಲಿಲ್ಲ. ಸರಿಪಡಿಸಿದ ಪಟ್ಟಿಯನ್ನೂ, ಏನು ತಪ್ಪಾಯಿತೆಂದು ಅರ್ಧ ಪುಟದ ಟಿಪ್ಪಣಿಯನ್ನೂ ಸಮಿತಿಯ ನಾಲ್ವರಿಗೂ ಕಳಿಸಿದೆ. ಹಳೆಯ ವಿದ್ಯಾರ್ಥಿಯ ಉತ್ತರ ಒಂದೇ ಸಾಲು: "ನಾವು ಕೋಚ್ ಹುಡುಕ್ತಿದೀವೋ ಅಥವಾ ನಿಮ್ಮ ಲೆಕ್ಕ ತಿದ್ತಾ ಇದೀವೋ?" ಕೇಳಬೇಕಾದ ಪ್ರಶ್ನೆಯೇ ಅದು.

ಡಿಸೆಂಬರ್ 15, ಸೋಮವಾರ. ಘಟ್ಟದ ಮೇಲೆ ಹಿಮ ಬಿದ್ದು ಕೋಚ್ ಐವತ್ತು ನಿಮಿಷ ತಡವಾಗಿ ಬಂದರು. ಬೂಟಿನ ತುಂಬ ಕೆಸರು. ಅಂದು ಮಧ್ಯಾಹ್ನ ವ್ಯಾಯಾಮದ ಕೋಣೆಗೆ ಬಂದವರು ನಲವತ್ತನಾಲ್ಕು. ನಾನು ಬಾಗಿಲ ಬಳಿ ಹಾಜರಿ ಬರೆಯುತ್ತಾ ನಿಂತಿದ್ದೆ.

ಅವರು ಭಾಷಣ ಮಾಡಲಿಲ್ಲ. ನಾಯಕನನ್ನು ಕರೆದು, "ಇವರನ್ನೆಲ್ಲ ನನಗೆ ಪರಿಚಯ ಮಾಡಿಸು. ಹೆಸರು, ಆಮೇಲೆ ಒಂದು ನಿಜವಾದ ಮಾತು. ಆಟದ ಬಗ್ಗೆ ಬೇಡ" ಎಂದರು.

ನಾಯಕ ಶುರು ಮಾಡಿದ. ಇವನು ತಂಗಿಗೆ ದಿನಾ ಫೋನಲ್ಲಿ ಗಣಿತ ಹೇಳ್ಕೊಡ್ತಾನೆ. ಇವನು ಗೊರಕೆ ಹೊಡೀತಾನೆ, ಆದ್ರೆ ಒಪ್ಪಲ್ಲ. ಹತ್ತೊಂಬತ್ತು ಜನರವರೆಗೆ ಸರಾಗವಾಗಿ ಹೋಯಿತು. ಇಪ್ಪತ್ತನೆಯವನು ಮೊದಲ ವರ್ಷದ ಉದ್ದನೆಯ ಹುಡುಗ. ನಾಯಕ ಹೆಸರು ಹೇಳಿದ. ಆಮೇಲೆ ನಿಂತ.

"ಇವನ ಬಗ್ಗೆ… ನಂಗೊತ್ತಿಲ್ಲ."

"ಬೇರೆ ಯಾರಿಗಾದ್ರೂ?"

ಆ ಹುಡುಗ ನೆಲ ನೋಡುತ್ತಿದ್ದ. ಜೇಬಿನಲ್ಲಿ ಪತ್ರ ಇಟ್ಟುಕೊಂಡ ಒಂಬತ್ತು ಜನರಲ್ಲಿ ಅವನೂ ಒಬ್ಬ ಎಂಬುದು ನನಗೆ ಗೊತ್ತಿತ್ತು. ಕೋಚ್ ಅವಸರ ಮಾಡಲಿಲ್ಲ. ಕಾದರು. ಹಿಂದಿನ ಸಾಲಿನಿಂದ ಯಾರೋ ಅಂದರು: "ಅವನು ಊಟದ ಹಾಲ್‌ನಲ್ಲಿ ಕಿಟಕಿ ಹತ್ರ ಒಬ್ಬನೇ ಕೂರ್ತಾನೆ. ಎರಡು ಪ್ಲೇಟ್ ಪಾಸ್ತಾ ತಿಂತಾನೆ."

"ಮೂರು" ಎಂದ ಹುಡುಗ.

ಕೋಣೆಯೇ ನಕ್ಕಿತು. ನಾಯಕ ಅವನ ಬೆನ್ನ ಮೇಲೆ ಕೈಯಿಟ್ಟು, "ಸಾರಿ ಕಣೋ. ಇವತ್ತು ಸಂಜೆ ನಮ್ಮ ಟೇಬಲ್‌ಗೆ ಬಾ, ನಾಲ್ಕು ಕೊಡಿಸ್ತೀನಿ" ಎಂದ.

ಪರಿಚಯ ಮುಗಿಯಲು ಒಂದು ಗಂಟೆ ಹದಿನೈದು ನಿಮಿಷ ಹಿಡಿಯಿತು. ಹೊರಡುವ ಮುನ್ನ ಕೋಚ್ ಹೇಳಿದ್ದು ಇಷ್ಟೇ: "ಬರೋ ವರ್ಷ ಗೆಲ್ತೀವಿ ಅಂತ ನಾನು ಹೇಳಲ್ಲ. ಸೋಲೋದೇ ಜಾಸ್ತಿ. ಯಾರ ಜೊತೆ ಸೋಲ್ತಿದೀವಿ ಅಂತಾದ್ರೂ ಗೊತ್ತಿರುತ್ತೆ."

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮತದಾನ. ಕೂರುವ ಮೊದಲೇ ನಾಯಕ ಜಾಕೆಟ್ಟಿನ ಒಳಗಿನಿಂದ ಮಡಚಿದ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟ. ಸಹಿಯಾಗದ ಬಿಡುಗಡೆ ಪತ್ರಗಳು. ನಾನು ಎಣಿಸಿದೆ: ಆರು.

"ಇನ್ನು ಮೂರು?" ಎಂದು ಕೇಳಿದರು ಪ್ರೊಫೆಸರ್.

"ಅವರು ಹೋಗ್ತಾರೆ. ಮಾತಾಡಿದೆ. ಆಗ್ಲಿಲ್ಲ."

ನಲವತ್ತೊಂಬತ್ತರಲ್ಲಿ ಮೂರು ಕಳೆದರೆ ನಲವತ್ತಾರು. ಬೇಕಾಗಿದ್ದುದಕ್ಕಿಂತ ಒಂದು ಹೆಚ್ಚು.

ನಿರ್ದೇಶಕಿ, ಪ್ರೊಫೆಸರ್, ನಾಯಕ ಪರವಾಗಿ ಮತ ಹಾಕಿದರು. ಹಳೆಯ ವಿದ್ಯಾರ್ಥಿ ಕುರ್ಚಿಗೆ ಒರಗಿ ನನ್ನ ಕಡೆ ತಿರುಗಿದರು. "ನಾನು ವಿರುದ್ಧ. ಬರ್ಕೊಳ್ಳಿ, ಟೈಮೂ ಬರ್ಕೊಳ್ಳಿ. ಈ ಮನುಷ್ಯ ವರ್ಷಕ್ಕೆ ಐದಕ್ಕಿಂತ ಜಾಸ್ತಿ ಗೆಲ್ಲಲ್ಲ. ಆದ್ರೆ ಮೊದಲನೇ ಪಂದ್ಯಕ್ಕೆ ಮೊದಲನೇ ಸಾಲಲ್ಲಿ ನನಗೊಂದು ಸೀಟಿರಲಿ. ಆ ಮೂರು ಪ್ಲೇಟ್ ಪಾಸ್ತಾ ಹುಡುಗ ಯಾರು ಅಂತ ನೋಡಬೇಕು." ಬರೆದುಕೊಂಡೆ: 10.22, ಮೂರು–ಒಂದು. ಆರನೆಯ ಅರ್ಜಿಯವರಿಗೆ ನಿರ್ದೇಶಕಿ ತಾವೇ ಫೋನ್ ಮಾಡಿ ನಡೆದದ್ದನ್ನು ನಡೆದಂತೆ ಹೇಳಿದರು. ಅವರಿಗೆ ಜನವರಿಯಲ್ಲಿ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು. ನನ್ನ ವೀಸಾ ಕಾಗದ ಏಪ್ರಿಲ್‌ನಲ್ಲಿ ಸಮಯಕ್ಕೆ ಸರಿಯಾಗಿ ಹೋಯಿತು. ಆ ವಿಷಯ ಯಾರೂ ಎತ್ತಲಿಲ್ಲ.

ಮರುವರ್ಷ ಮೂರು ಗೆದ್ದೆವು, ಅದರಾಚೆಯ ವರ್ಷ ಐದು. ಹಳೆಯ ವಿದ್ಯಾರ್ಥಿ ಐದು ಬೆರಳು ತೋರಿಸಿ ನಕ್ಕರು. 2015ರಲ್ಲಿ ಹೊಸದಾಗಿ ಸೇರಿದವರು ಮೂವತ್ತನಾಲ್ಕು. 2018ರಲ್ಲಿ ಅವರಲ್ಲಿ ಇಪ್ಪತ್ತಾರು ಜನ ಇನ್ನೂ ತಂಡದಲ್ಲಿದ್ದರು. ಇದನ್ನು ಕೈಯಲ್ಲೇ ಎಣಿಸಿದ್ದೇನೆ. ಆ ಆಯ್ಕೆ ಸರಿಯಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಲೆಕ್ಕವಿದೆ. ಡಿಸೆಂಬರ್ 3ರಂದು ನಾನು "ಎರಡು ಸಲ ನೋಡಿದೀನಿ" ಎಂದಾಗ ಅರವತ್ತು ಹುಡುಗರಿದ್ದರು. ತಪ್ಪು ಸಿಕ್ಕ 12ರಂದು ನಲವತ್ತೊಂಬತ್ತು. ಆ ಒಂಬತ್ತು ದಿನಗಳಲ್ಲಿ ಹೋದವರು ಹನ್ನೊಂದು. ಇಪ್ಪತ್ತಮೂರನೆಯ ಅರ್ಜಿಯವರು ಒಂದು ವಾರ ಮೊದಲೇ ಬಂದು ಕೋಣೆಯಲ್ಲಿ ನಿಂತಿದ್ದರೆ ಅವರಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ ಹೇಳಲಾಗದು. ಅವರು ಎಲ್ಲಿಗೆ ಹೋದರು ಎಂದು ಮಾತ್ರ ಹುಡುಕುತ್ತಾ ಬಂದಿದ್ದೇನೆ. ಆರು ಜನ ಬೇರೆ ಕಾಲೇಜುಗಳಲ್ಲಿ ಓದು ಮುಗಿಸಿದ್ದಾರೆ. ಇಬ್ಬರು ಓದು ಬಿಟ್ಟು ಕೆಲಸಕ್ಕೆ ಸೇರಿದರು. ಆ ಇಬ್ಬರಲ್ಲಿ ಒಬ್ಬನ ಜೊತೆ ಮಾತಾಡಿದ್ದೇನೆ. ಆಗ ಮೊದಲ ವರ್ಷದಲ್ಲಿದ್ದ ಮೂವರ ಸುದ್ದಿ ಸಿಕ್ಕಿಲ್ಲ.

ಈ ಭಾಗದ ಕಾಲೇಜುಗಳಲ್ಲಿ ಕಲಿಸುವ, ಕಚೇರಿಗಳಲ್ಲಿ, ಗೋದಾಮುಗಳಲ್ಲಿ ಕೆಲಸ ಮಾಡುವ ಕನ್ನಡದವರು ಇದನ್ನು ಓದುತ್ತೀರಿ. 2014ರ ಶರತ್ಕಾಲದಲ್ಲಿ ಸಿಯಾಟಲ್‌ನ ದಕ್ಷಿಣದ ಸಣ್ಣ ಕಾಲೇಜೊಂದರಲ್ಲಿ ಮೊದಲ ವರ್ಷದ ಫುಟ್ಬಾಲ್ ಆಡಿ, ಡಿಸೆಂಬರಿನಲ್ಲಿ ಬಿಟ್ಟುಬಂದೆ ಎಂದು ನಿಮ್ಮ ಸಹೋದ್ಯೋಗಿಯೋ ವಿದ್ಯಾರ್ಥಿಯೋ ಯಾವಾಗಲಾದರೂ ಹೇಳಿದ್ದರೆ, ಈ ಪತ್ರಿಕೆಯ ಸಂಪಾದಕರ ಮೂಲಕ ನನಗೆ ಒಂದು ಸಾಲು ಬರೆಯಿರಿ. ಅವನ ಒಪ್ಪಿಗೆ ಕೇಳಿಕೊಂಡೇ ಬರೆಯಿರಿ. ಹೆಸರೂ ಬೇಡ. ಓದು ಮುಗಿಸಿದನೋ ಇಲ್ಲವೋ, ಅಷ್ಟು ತಿಳಿಸಿದರೆ ಸಾಕು.